ಹಾಡಿನ ಪುಸ್ತಿಕೆ ಅಚ್ಚಿಗೆ ಕೊಡುವ ಮುನ್ನ...

ನಿಮ್ಮ ಭಜನಾ ಮಂಡಳಿಗೂ ಒಂದು ಹಾಡಿನ ಪುಸ್ತಿಕೆ ಮಾಡಿಸಬೇಕೆಂದಿದ್ದೀರಾ? ಹಾಗಾದರೆ ಮೊದಲು ನಮ್ಮ ಫಜೀತಿ ಕೇಳಿ.

ರಾಯಚೂರಿನ ನಮ್ಮ ಓಣಿಯ ಹೆಂಗಸರೆಲ್ಲ ಸೇರಿ, ದೇವದುರ್ಗ ತಾಲ್ಲೂಕಿನ ಮೊಸರಕಲ್ಲಿನ ಗೋಪಾಲದಾಸರು, ಮಾನ್ವಿಯ ಜಗನ್ನಾಥದಾಸರು ಹೀಗೆ ನಮ್ಮ ಜಿಲ್ಲೆಯ ದಾಸರ ಹಾಡುಗಳನ್ನೇ ಆರಿಸಿ 16 ಪುಟದ ಪುಸ್ತಿಕೆ ಮಾಡಿಸಿದೆವು. ಮನೆಖರ್ಚಿನಲ್ಲಿ ಉಳಿಸಿದ ದುಡ್ಡು. ಏಕಾದಶಿ ದಿನ ಹಾಡಲು ಕೂತರೆ ಮೂರನೇ ಪುಟದ ಎದುರಿಗೆ ಆರನೇ ಪುಟ! ಗೋಪಾಲದಾಸರ ಪಲ್ಲವಿ ಹಿಡಿದು ಹೊರಟವರು ‘ಜಗನ್ನಾಥವಿಠಲ’ ಅಂಕಿತಕ್ಕೆ ಬಂದು ನಿಂತೆವು. ಅವರಿಬ್ಬರೂ ಗುರು-ಶಿಷ್ಯರೇ ಬಿಡಿ, ಆದರೂ... “ಏನವಾ ಇದು, ದಾಸರನ್ನ ಅದಲುಬದಲು ಮಾಡೀರಲ್ಲ” ಎಂದು ಹಿರಿಯರೊಬ್ಬರು ನಕ್ಕರು. ನನಗೆ ಮಾತ್ರ ಅಳುವೇ ಬಂದಿತ್ತು.

ಆಗಿದ್ದಿಷ್ಟೆ. ಎ4 ಹಾಳೆಯ ಒಂದು ಮಗ್ಗುಲಿಗೆ 1-2, ಹಿಂದೆ 3-4 ಎಂದು ಸಾಲಾಗಿ ಅಚ್ಚಾಗಿತ್ತು. ಹಾಳೆಗಳನ್ನು ಒಂದರೊಳಗೊಂದು ಇಟ್ಟು ಮಡಚಿ ನಡುವೆ ಪಿನ್ ಹೊಡೆಯುವ ಪುಸ್ತಿಕೆಗೆ ಈ ಲೆಕ್ಕ ನಡೆಯುವುದಿಲ್ಲ. ಮೊದಲ ಹಾಳೆಯ ಹೊರಮಗ್ಗುಲಲ್ಲಿ ಎಡಕ್ಕೆ 16, ಬಲಕ್ಕೆ 1. ಒಳಗೆ 2 ಮತ್ತು 15 ಬರಬೇಕು. ಪಕ್ಕಪಕ್ಕದ ಎರಡು ಪುಟಗಳನ್ನು ಕೂಡಿಸಿದರೆ ಯಾವಾಗಲೂ 17, ಅಂದರೆ ಒಟ್ಟು ಪುಟಕ್ಕಿಂತ ಒಂದು ಹೆಚ್ಚು. ಪ್ರೂಫ್ ನೋಡುವಾಗ ಇದೊಂದು ಕೂಡಿಸಿ ನೋಡಿದ್ದರೆ ಸಾಕಿತ್ತು!

ಈ ಜೋಡಣೆಯನ್ನು ಕಂಪ್ಯೂಟರೇ ಮಾಡುತ್ತದೆ. ಇನ್‌ಡಿಸೈನ್‌ನಲ್ಲಿ ‘ಪ್ರಿಂಟ್ ಬುಕ್‌ಲೆಟ್’, ಹಳೆಯ ಪೇಜ್‌ಮೇಕರ್‌ನಲ್ಲಿ ‘ಬಿಲ್ಡ್ ಬುಕ್‌ಲೆಟ್’ ಎಂದಿರುತ್ತದೆ. ನೀವು ಪುಟಗಳನ್ನು 1, 2, 3 ಎಂದು ಕ್ರಮವಾಗಿಯೇ ಟೈಪ್ ಮಾಡಿಸಿ. ಒಟ್ಟು ಪುಟ ನಾಲ್ಕರಿಂದ ಭಾಗವಾಗಬೇಕು. 14 ಆದರೆ ಇನ್ನೆರಡು ಹಾಡು ಸೇರಿಸಿ, ಖಾಲಿ ಯಾಕೆ ಬಿಡಬೇಕು? ಮನೆಯ ಪ್ರಿಂಟರಿನಲ್ಲಿ ಎರಡೂ ಮಗ್ಗುಲು ತೆಗೆಯುವವರು ‘ಶಾರ್ಟ್ ಎಡ್ಜ್’ ಆರಿಸಿಕೊಳ್ಳಿ. ಇಲ್ಲದಿದ್ದರೆ ಹಿಂದಿನ ಪುಟ ತಲೆಕೆಳಗು.

ಉದ್ದನೆಯ ಹಾಡನ್ನು ಸರಿಸಂಖ್ಯೆಯ ಪುಟದಲ್ಲೇ ಶುರುಮಾಡಿಸಿ. ಎರಡೂ ಪುಟ ಎದುರಿಗೇ ಇರುತ್ತವೆ. ಕೈಯಲ್ಲಿ ತಾಳ ಹಿಡಿದು ಪುಟ ತಿರುಗಿಸುವುದು ಹೇಗೆ ಹೇಳಿ? ಇನ್ನು ನುಡಿ ಫಾಂಟಿನ ಫೈಲನ್ನು ಹಾಗೇ ಪೆನ್‌ಡ್ರೈವ್‌ನಲ್ಲಿ ಒಯ್ಯಬೇಡಿ. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಕನ್ನಡವೇ ಕಾಣದು. ಫಾಂಟ್ ಸಮೇತ ಪಿಡಿಎಫ್ ಮಾಡಿಸಿಕೊಳ್ಳಿ.

ಎರಡನೇ ಸಲ ನಾನು ಮಗನ ಹಳೇ ನೋಟ್‌ಬುಕ್ಕಿನ ನಾಲ್ಕು ಹಾಳೆ ಮಡಚಿ, ಪುಟದ ನಂಬರ್ ಬರೆದು, ಅದನ್ನೇ ಪ್ರೆಸ್ಸಿನವರ ಮೇಜಿನ ಮೇಲಿಟ್ಟೆ. ಒಂದು ಪ್ರತಿ ಪಿನ್ ಹೊಡೆದು ತೋರಿಸುವವರೆಗೂ ಅಲ್ಲಿಂದ ಏಳಲಿಲ್ಲ.