ಮಿಲಿಟರಿ ಗಾಡಿಗೆ ಏನು ಹಾಕಿದರೂ ಓಡುತ್ತದೆಯೇ?

ಸೋಮವಾರಪೇಟೆ ಕಡೆಯ ಕಾಫಿ ತೋಟವೊಂದರ ಶೆಡ್ಡಿನಲ್ಲಿ, ಸೇನೆಯ ಹರಾಜಿನಲ್ಲಿ ತಂದ ಶಕ್ತಿಮಾನ್ ಟ್ರಕ್ಕೊಂದು ಎರಡು ಮಳೆಗಾಲ ನಿಂತೇ ಇತ್ತು. ಸೆಲ್ಫ್ ತಿರುಗುತ್ತಿತ್ತು, ಇಂಜಿನ್ ಹತ್ತುತ್ತಿರಲಿಲ್ಲ. ನಾನು ಹೋಗುವಷ್ಟರಲ್ಲಿ ಡೀಸೆಲ್ ಪಂಪ್ ಹೋಗಿದೆ ಎಂದು ತೀರ್ಮಾನವಾಗಿ, ಬಿಚ್ಚಲು ಸ್ಪ್ಯಾನರ್ ಕೂಡ ಕೈಗೆ ಬಂದಿತ್ತು. ಸ್ವಲ್ಪ ತಡೆಯಿರಿ ಎಂದು ಫಿಲ್ಟರ್ ಮೇಲಿನ ಏರ್ ಸ್ಕ್ರೂ ಸಡಿಲಿಸಿ ಹ್ಯಾಂಡ್ ಪಂಪ್ ಒತ್ತಿದೆವು. ಬುರುಬುರು ನೊರೆ ಬಂತು. ಎಷ್ಟು ಒತ್ತಿದರೂ ನೊರೆಯೇ. ಹಾಗಾದರೆ ಎಲ್ಲೋ ಗಾಳಿ ಎಳೆಯುತ್ತಿದೆ. ಹುಡುಕಿದಾಗ ಟ್ಯಾಂಕಿನಿಂದ ಬರುವ ರಬ್ಬರ್ ಪೈಪು ಕ್ಲಿಪ್ಪಿನ ಅಡಿಯಲ್ಲಿ ಕೂದಲೆಳೆಯಷ್ಟು ಬಿರುಕು ಬಿಟ್ಟಿತ್ತು. ಹೀರುವ ಕಡೆಯ ಪೈಪಾದ್ದರಿಂದ ಡೀಸೆಲ್ ಹೊರಗೆ ಸೋರಿರಲಿಲ್ಲ, ಗಾಳಿ ಮಾತ್ರ ಒಳಗೆ ಹೋಗುತ್ತಿತ್ತು. ಪೈಪ್ ಬದಲಿಸಿ ಮತ್ತೆ ಒತ್ತಿದಾಗ ನೊರೆ ಕಳೆದು ತಿಳಿ ಡೀಸೆಲ್ ಧಾರೆಯಾಗಿ ಬಂತು. ಸ್ಕ್ರೂ ಬಿಗಿದು ಸೆಲ್ಫ್ ಹೊಡೆದೆವು, ಇಂಜಿನ್ ಹತ್ತಿತು.

ಹಳೆ ಡೀಸೆಲ್ ಇಂಜಿನ್ ಹತ್ತದಿದ್ದರೆ ಪಂಪೇ ಕೆಟ್ಟಿರಬೇಕು ಎನ್ನುವುದು ದುಬಾರಿ ತಪ್ಪು ಕಲ್ಪನೆ. ಮೊದಲು ನೋಡಬೇಕಾದದ್ದು ಗಾಳಿ, ನೀರು, ಕಟ್ಟಿಕೊಂಡ ಫಿಲ್ಟರ್. ಅದೇ ಗಾಡಿಯ ಟ್ಯಾಂಕಿನ ತಳದ ಬಿರಡೆ ಬಿಚ್ಚಿದಾಗ ಮೊದಲು ಬಂದದ್ದು ನೀರು, ಹಿಂದೆಯೇ ಕಪ್ಪು ಲೋಳೆ. ಅರ್ಧ ಖಾಲಿ ಟ್ಯಾಂಕಿನಲ್ಲಿ ಮಲೆನಾಡಿನ ತೇವ ಹನಿಯಾಗಿ ಇಳಿಯುತ್ತದೆ. ಡೀಸೆಲ್ಲೂ ನೀರೂ ಸೇರುವ ಪದರದಲ್ಲಿ ಸೂಕ್ಷ್ಮಜೀವಿಗಳು ಬೆಳೆಯುತ್ತವೆ. ಆದ್ದರಿಂದ 'ಓಡಿದ್ದೇ ಕಡಿಮೆ, ಒಳ್ಳೆ ಕಂಡೀಷನ್' ಎಂಬ ಮಾತು ಕೇಳಿ ಹರಾಜಿನ ಗಾಡಿಗೆ ದುಡ್ಡು ಸುರಿಯಬೇಡಿ. ನಿಂತ ಗಾಡಿಯ ರಬ್ಬರ್ ಒಣಗುತ್ತದೆ, ಬ್ರೇಕಿನ ಸಿಲಿಂಡರುಗಳು ತುಕ್ಕು ಹಿಡಿದು ಕಚ್ಚಿಕೊಳ್ಳುತ್ತವೆ. ಮೀಟರಿನ ಕಿಲೋಮೀಟರ್ ಇದನ್ನೆಲ್ಲ ಹೇಳುವುದಿಲ್ಲ.

ಇನ್ನು ಎಲ್ಲಕ್ಕಿಂತ ಹಠಮಾರಿ ನಂಬಿಕೆ: ಮಿಲಿಟರಿ ಇಂಜಿನ್‌ಗೆ ಸೀಮೆಎಣ್ಣೆ, ಪೆಟ್ರೋಲ್, ಕೊನೆಗೆ ಸುಟ್ಟ ಆಯಿಲ್ ಹಾಕಿದರೂ ನಡೆಯುತ್ತದೆ ಎನ್ನುವುದು. ಇದರ ಬೇರು ಸುಳ್ಳಲ್ಲ. ಜರ್ಮನಿಯ ಮಾನ್ ಕಂಪನಿಯಲ್ಲಿ ಸೀಗ್‌ಫ್ರೀಡ್ ಮೊಯರರ್ 1950ರ ದಶಕದಲ್ಲಿ ಒಂದು ದಹನ ವಿಧಾನ ರೂಪಿಸಿದರು. ಪಿಸ್ಟನ್ ತಲೆಯಲ್ಲಿ ಗುಂಡನೆಯ ಬಟ್ಟಲು. ನಾಜಲ್ ಇಂಧನವನ್ನು ಗಾಳಿಯ ನಡುವೆ ಚೆದುರಿಸುವುದಕ್ಕಿಂತ ಹೆಚ್ಚಾಗಿ ಆ ಬಟ್ಟಲಿನ ಬಿಸಿ ಗೋಡೆಗೆ ತೆಳುವಾಗಿ ಬಳಿಯುತ್ತದೆ; ಆವಿಯಾದಷ್ಟೇ ಉರಿಯುವುದರಿಂದ ಹೊಡೆತ ಕಡಿಮೆ, ಬೇರೆ ಇಂಧನಗಳೂ ಉರಿಯಬಲ್ಲವು. ಅಮೆರಿಕದ ಸೇನೆಯ ಎಂ35ಎ2 ಟ್ರಕ್ಕಿನ 7.8 ಲೀಟರಿನ ಬಹುಇಂಧನ ಇಂಜಿನ್ ಇದೇ ವಿಧಾನದ್ದು. ಇಂಧನದ ಸಾಂದ್ರತೆಗೆ ತಕ್ಕಂತೆ ಅಳತೆ ಹೊಂದಿಸುವ ಸಾಧನವೂ ಅದರ ಪಂಪಿನಲ್ಲಿತ್ತು.

ಆದರೆ ಸೇನೆ ಆ ಸೌಕರ್ಯ ಬಯಸಿದ್ದು ಡೀಸೆಲ್ ಸರಬರಾಜು ತಪ್ಪಿದಾಗಲೂ ಗಾಡಿ ಓಡಲೆಂದು, ದಿನದ ಬಳಕೆಗಲ್ಲ. ಪಂಪಿನ ಪ್ಲಂಜರುಗಳಿಗೆ ಇಂಧನದ ಜಿಡ್ಡೇ ಎಣ್ಣೆ. ಪೆಟ್ರೋಲಿನಲ್ಲಿ ಅದಿಲ್ಲ, ಪ್ಲಂಜರ್ ಸವೆಯುತ್ತದೆ. ಸುಟ್ಟ ಆಯಿಲ್‌ನಲ್ಲಿರುವ ಲೋಹದ ಪುಡಿ, ಮಸಿ ನಾಜಲ್ಲಿನ ತೂತುಗಳಲ್ಲಿ ಕೂರುತ್ತವೆ. ಶಕ್ತಿಮಾನ್ ಕೂಡ ಮಾನ್ ವಿನ್ಯಾಸದ್ದೇ, ಜಬಲ್ಪುರದಲ್ಲಿ 1996ರವರೆಗೆ ತಯಾರಾಯಿತು. ಹಾಗೆಂದು ಮಾನ್ ಹೆಸರು ಕೇಳಿದ ಮಾತ್ರಕ್ಕೆ ಸೀಮೆಎಣ್ಣೆ ಸುರಿಯಬಾರದು. ನಿಮ್ಮ ಇಂಜಿನ್ನಿನ ಕೈಪಿಡಿ ಏನು ಹೇಳುತ್ತದೋ ಅಷ್ಟೇ.

ಕಪ್ಪು ಹೊಗೆ ಬಂದರೆ ಪಿಕಪ್ ಜಾಸ್ತಿ ಎನ್ನುವವರಿಗೆ ಚುಟುಕಾಗಿ: ಅದು ಪೂರ್ತಿ ಉರಿಯದ ಡೀಸೆಲ್. ಪಂಪಿನ ಸೀಲ್ ಒಡೆದು ಡೀಸೆಲ್ ಹೆಚ್ಚಿಸುವ ಸ್ಕ್ರೂ ತಿರುಗಿಸಿದರೆ ಏರುವಲ್ಲಿ ಒಂದಿಷ್ಟು ಎಳೆತ ಸಿಗಬಹುದು, ಕೊನೆಗೆ ಹೆಡ್ ಗ್ಯಾಸ್ಕೆಟ್ಟೋ ಪಿಸ್ಟನ್ನೋ ಹೋಗುತ್ತದೆ. ನೀಲಿ ಹೊಗೆಯಾದರೆ ಇಂಜಿನ್ ಆಯಿಲ್ ಉರಿಯುತ್ತಿದೆ.

ಬ್ರೇಕಿನ ವಿಷಯದಲ್ಲಿ ನನಗೆ ನಿಜವಾದ ಭಯವಿದೆ. ಗಾಳಿ ಟ್ಯಾಂಕ್ ಕಂಡರೆ ನಮ್ಮ ಲಾರಿಗಳ ಹಾಗೆ ಏರ್ ಬ್ರೇಕ್ ಎಂದುಕೊಳ್ಳುತ್ತಾರೆ. ಎಂ35ಎ2ನಂಥ ಗಾಡಿಯಲ್ಲಿ ಗಾಳಿ ಬರೀ ಒತ್ತಾಸೆಗೆ. ಚಕ್ರದ ತನಕ ಹೋಗುವುದು ಬ್ರೇಕ್ ಆಯಿಲ್, ಅದೂ ಒಂದೇ ಸರ್ಕ್ಯೂಟ್. ಒಂದು ಪೈಪ್ ಒಡೆದರೆ ಎಲ್ಲ ಚಕ್ರಗಳ ಬ್ರೇಕೂ ಹೋಯಿತು.

'ದಪ್ಪ ಕಬ್ಬಿಣ, ಅದಕ್ಕೇ ಬಾಳಿಕೆ' ಎಂಬ ಮಾತೂ ಅರ್ಧ ಸತ್ಯ. ಪಲ್ಟನ್ನಿನಲ್ಲಿ ಗಾಡಿ ಹೊರಡುವ ಮುಂಚೆ ಫಸ್ಟ್ ಪರೇಡ್ ಇರುತ್ತದೆ: ಆಯಿಲ್, ನೀರು, ಟೈರ್, ಬ್ಯಾಟರಿ, ಸೋರಿಕೆ, ಸಡಿಲ ನಟ್ಟು. ಮರಳಿದ ಮೇಲೆ ಲಾಸ್ಟ್ ಪರೇಡ್. ಹರಾಜಿನಲ್ಲಿ ಗಾಡಿ ನಮಗೆ ಸಿಗುತ್ತದೆ, ಪರೇಡ್ ಅಲ್ಲೇ ಉಳಿಯುತ್ತದೆ. ತೋಟದ ಡ್ರೈವರ್ ಈಗ ಬೆಳಿಗ್ಗೆ ಟ್ಯಾಂಕಿನ ತಳದಿಂದ ಅರ್ಧ ಲೋಟ ಡೀಸೆಲ್ ಗಾಜಿನ ಬಾಟಲಿಗೆ ಹಿಡಿದು, ಬೆಳಕಿಗೆ ಎತ್ತಿ, ಅಡಿಯಲ್ಲಿ ನೀರಿನ ಗೆರೆ ಇದೆಯೇ ಎಂದು ನೋಡಿಯೇ ಸೆಲ್ಫ್ ಹೊಡೆಯುತ್ತಾನೆ.