ಕೂಸಿನ ಪಾಲು ಮೊದಲು ಎತ್ತಿಡಿರಿ



ಕಣದಲ್ಲಿ ರಾಶಿ ಮುಗಿದೊಡನೆ ಬರುವ ವರ್ಷದ ಬಿತ್ತನೆಗೆಂದು ಒಳ್ಳೆಯ ಕಾಳನ್ನು ಆರಿಸಿ ಎತ್ತಿಡುತ್ತೀರಿ. ಉಳಿದದ್ದು ಬಸವಕಲ್ಯಾಣ ಇಲ್ಲವೆ ಹುಮನಾಬಾದಿನ ಪೇಟೆಗೆ ಹೋಗುತ್ತದೆ. ಇದರಲ್ಲಿ ಮನೆಯ ಕೂಸಿನ ಪಾಲು ಎಷ್ಟು?

ಬೀಜ ಗೊಬ್ಬರದ ಮಾತಾಡುವವನು ಕೂಸಿನ ಮಾತೇಕೆ ಎತ್ತಿದ ಎಂದು ನೀವು ನಗಬಹುದು. ನಾನು ಈ ಪಾಠ ಕಲಿತದ್ದು ನನ್ನ ಮನೆಯಲ್ಲಿಯೇ. ನಮ್ಮ ಮಗಳಿಗೆ 9 ತಿಂಗಳಾದಾಗ ಅಂಗನವಾಡಿಯಲ್ಲಿ ತೂಗಿದರು. 2 ತಿಂಗಳಿಂದ ತೂಕ ಏರಿರಲಿಲ್ಲ. ದಿನವೂ ಹೊಟ್ಟೆತುಂಬ ಗಂಜಿ ಕುಡಿಸುತ್ತಿದ್ದೆವು. ಆದರೆ ಅದರಲ್ಲಿ ನೀರೇ ಹೆಚ್ಚು. ಮನೆಯ ಮೂಲೆಯಲ್ಲಿ ಹೆಸರಿನ ಚೀಲ ಮಾತ್ರ ಪೇಟೆಗೆ ಹೋಗಲು ಬಾಯಿ ಕಟ್ಟಿಸಿಕೊಂಡು ಕುಳಿತಿತ್ತು.

ಮೊದಲ 6 ತಿಂಗಳು

ಹೆರಿಗೆಯಾದ ಒಂದು ಗಂಟೆಯೊಳಗೆ ತಾಯಿಯ ಹಾಲು ಕೊಡಬೇಕು. ಮೊದಲ ಹಳದಿ ಹಾಲನ್ನು ಚೆಲ್ಲಬಾರದು. ಕರುವಿಗೆ ಗಿಣ್ಣು ಕುಡಿಸದಿದ್ದರೆ ಏನಾಗುವುದೆಂದು ನೀವು ಬಲ್ಲಿರಿ. ಕೂಸಿಗೂ ಅದೇ ನ್ಯಾಯ. 6 ತಿಂಗಳು ತುಂಬುವವರೆಗೆ ತಾಯಿಯ ಹಾಲೊಂದೇ ಸಾಕು. ಬೇಸಿಗೆಯಲ್ಲಿಯೂ ನೀರು ಬೇಡ.

6 ತಿಂಗಳ ಮೇಲೆ

ಈಗ ಹಾಲೊಂದೇ ಸಾಲದು. ಆದರೂ ಎರಡು ವರ್ಷದವರೆಗೆ ಅದನ್ನು ಬಿಡಿಸಬಾರದು. ಕೂಸಿನ ಹೊಟ್ಟೆ ಸಣ್ಣದು. ತೆಳುವಾದ ಗಂಜಿಯಿಂದ ಅದು ತುಂಬುತ್ತದೆಯೇ ಹೊರತು ಮೈ ಬೆಳೆಯುವುದಿಲ್ಲ. ಚಮಚ ಓರೆ ಮಾಡಿದರೂ ಸುರಿದುಹೋಗದಷ್ಟು ಗಟ್ಟಿ ಇರಬೇಕು. ಜೋಳದಲ್ಲಿ ಲೈಸಿನ್ ಎಂಬ ಸತ್ವ ಕಡಿಮೆ, ಬೇಳೆಯಲ್ಲಿ ಹೆಚ್ಚು. ಆದುದರಿಂದ ಎರಡನ್ನೂ ಕೂಡಿಸತಕ್ಕದ್ದು.

ಮಾಡುವ ಕ್ರಮ:

1. ತೂಕದಲ್ಲಿ 4 ಪಾಲು ಜೋಳ, 2 ಪಾಲು ಹೆಸರು ಬೇಳೆ, 1 ಪಾಲು ಶೇಂಗಾ ತೆಗೆದುಕೊಳ್ಳಿರಿ. ಬೂಸಲು ಹಿಡಿದ ಶೇಂಗಾಕಾಳು ವಿಷ, ಆರಿಸಿ ಎಸೆಯಿರಿ.

2. ಬೇರೆ ಬೇರೆಯಾಗಿ ಹುರಿದು, ನುಣ್ಣಗೆ ಬೀಸಿ, ಮುಚ್ಚಳ ಬಿಗಿಯಾದ ಡಬ್ಬಿಯಲ್ಲಿಡಿರಿ. 15 ದಿನಕ್ಕೆ ಆಗುವಷ್ಟೇ ಬೀಸಿರಿ.

3. ಹಿಟ್ಟನ್ನು ತಣ್ಣೀರಿನಲ್ಲಿ ಕದಡಿ, ಗಂಟಾಗದಂತೆ ತಿರುವುತ್ತ 10 ನಿಮಿಷ ಕುದಿಸಿ, ಅರ್ಧ ಚಮಚ ತುಪ್ಪ ಇಲ್ಲವೆ ಎಣ್ಣೆ ಹಾಕಿರಿ.

4. ಮೊದಲು ಎರಡು ಮೂರು ಚಮಚ ತಿನ್ನಿಸಿ, ಬರಬರುತ್ತ ಅರ್ಧ ಬಟ್ಟಲಿಗೆ ಏರಿಸಿರಿ. 8 ತಿಂಗಳವರೆಗೆ ದಿನಕ್ಕೆ 2-3 ಸಲ, ಆಮೇಲೆ 3-4 ಸಲ ಕೊಡಿರಿ. ಬೇಯಿಸಿ ಹಿಸುಕಿದ ಗಜ್ಜರಿ, ಸೊಪ್ಪು, ತಿನ್ನುವ ಮನೆಗಳಲ್ಲಿ ಮೊಟ್ಟೆಯೂ ಇರಲಿ.

ಒಂದು ಎಚ್ಚರಿಕೆ: ಎಳೆ ಜೋಳದ ಮೇವು ತಿಂದು ದನ ಸಾಯುವುದನ್ನು ಕಂಡಿದ್ದೀರಿ. ಜೋಳದ ಮೊಳಕೆಯಲ್ಲಿಯೂ ಆ ವಿಷವೇ ಇರುತ್ತದೆ. ಮೊಳಕೆ ಕಟ್ಟುವುದಿದ್ದರೆ ಹೆಸರಿಗೆ ಕಟ್ಟಿರಿ, ಜೋಳಕ್ಕೆ ಬೇಡ.

ಸುಗ್ಗಿಯ ದಿನಗಳು

ಹೆಸರು ಬಿಡಿಸುವಾಗ, ತೊಗರಿ ಕೊಯ್ಯುವಾಗ ತಾಯಿ ದಿನವೆಲ್ಲ ಹೊಲದಲ್ಲಿ. ಕೂಸು ಅಜ್ಜಿಯ ಇಲ್ಲವೆ ಅಕ್ಕನ ಕೈಯಲ್ಲಿ. ಬೆಳಿಗ್ಗೆ ಬೇಯಿಸಿದ್ದನ್ನೇ ಸಂಜೆಯತನಕ ತಿನ್ನಿಸಿದರೆ ಭೇದಿ ಬಿಟ್ಟದ್ದಲ್ಲ. ಹಿಟ್ಟು ಮೊದಲೇ ಬೀಸಿಟ್ಟಿದ್ದರೆ ಆಗಿಂದಾಗ್ಗೆ ಕುದಿಸಿ ಕೊಡಬಹುದು. ಮಧ್ಯಾಹ್ನ ಒಂದು ಗಳಿಗೆ ತಾಯಿಯನ್ನು ಕೆಲಸದಿಂದ ಬಿಡಿಸಿರಿ. ಆ ಸಾಲು ಗಂಡಸರು ಮುಗಿಸಿದರೆ ಮಾನ ಹೋಗುವುದಿಲ್ಲ.

ಭೇದಿ ಹತ್ತಿದರೆ ಹಾಲು, ಊಟ ನಿಲ್ಲಿಸಬೇಡಿರಿ. 1 ಲೀಟರಿನ ಓ.ಆರ್.ಎಸ್. ಪುಡಿಯನ್ನು ಕಾಯಿಸಿ ಆರಿಸಿದ 1 ಲೀಟರ್ ನೀರಿನಲ್ಲಿ ಕದಡಿ, ಚಮಚದಿಂದ ಸ್ವಲ್ಪ ಸ್ವಲ್ಪವಾಗಿ ಕುಡಿಸಿರಿ. ಆಶಾ ಕಾರ್ಯಕರ್ತೆ ಕೊಡುವ ಜಿಂಕ್ ಗುಳಿಗೆಯನ್ನು 14 ದಿನವೂ ತಪ್ಪಿಸಬೇಡಿರಿ. ಕಣ್ಣು ಗುಳಿಬಿದ್ದರೆ, ಕೂಸು ಮಂಕಾದರೆ, ಮಲದಲ್ಲಿ ರಕ್ತ ಕಂಡರೆ ತಡಮಾಡದೆ ದವಾಖಾನೆಗೆ ಒಯ್ಯಿರಿ.

ಲೆಕ್ಕ

ದಿನಕ್ಕೆ 70 ಗ್ರಾಂ ಹಿಟ್ಟು ಎಂದು ಹಿಡಿದರೆ ಒಂದು ವರ್ಷಕ್ಕೆ ಸುಮಾರು 15 ಕಿಲೊ ಜೋಳ, 7 ಕಿಲೊ ಬೇಳೆ, 4 ಕಿಲೊ ಶೇಂಗಾ ಸಾಕು. ಒಂದು ಚೀಲ ಹೆಸರಿನಲ್ಲಿ ಇದು ಯಾವ ಲೆಕ್ಕ? 1975ರಿಂದ ನಮ್ಮ ದೇಶದಲ್ಲಿ ಅಂಗನವಾಡಿಗಳು ನಡೆಯುತ್ತಿವೆ. ತಿಂಗಳಿಗೊಮ್ಮೆ ಕೂಸನ್ನು ಅಲ್ಲಿ ತೂಗಿಸಿ, ಕಾರ್ಡಿನ ಗೆರೆ ಮೇಲೇರುತ್ತಿದೆಯೇ ನೋಡಿರಿ. ನಮ್ಮ ಮಗಳ ಗೆರೆ ಈ ಹಿಟ್ಟು ತಿನ್ನಿಸತೊಡಗಿದ ಮರುತಿಂಗಳೇ ಏರಿತು.

ಈ ಸಲ ರಾಶಿಯಾದಾಗ ಬಿತ್ತನೆಯ ಬೀಜದ ಪಕ್ಕದಲ್ಲಿ ಇನ್ನೊಂದು ಸಣ್ಣ ಗಂಟು ಕಟ್ಟಿರಿ. ಅದು ಕೂಸಿನ ಪಾಲು. ಪೇಟೆಯ ಧಾರಣೆ ಎಷ್ಟೇ ಏರಲಿ, ಅದನ್ನು ಬಿಚ್ಚಬೇಡಿರಿ.