ಬಣ್ಣದ ಸಿಕ್ಲಿಡ್ ಮೀನುಗಳು: ಕಡಿಮೆ ಖರ್ಚಿನಲ್ಲಿ ಮೊದಲ ಮರಿಗಳ ಆಯ್ಕೆ

ನವಲಗುಂದ ತಾಲೂಕಿನ ಯಮನೂರು ಬೆಣ್ಣೆಹಳ್ಳದ ದಂಡೆಯ ಮೇಲಿರುವ ಊರು. ಸುತ್ತಲೂ ಆಳವಾದ ಎರೆ ಭೂಮಿ. ಇಂತಹ ಭೂಮಿಯ ಅಂತರ್ಜಲ ಬಹುಮಟ್ಟಿಗೆ ಸವಳು. ಆದ್ದರಿಂದ ಈ ಭಾಗದ ಜನರು ಮಳೆಯ ನೀರನ್ನೂ ಮಲಪ್ರಭಾ ಕಾಲುವೆಯ ನೀರನ್ನೂ ಕೆರೆಗಳಲ್ಲಿ ತುಂಬಿಸಿಕೊಂಡು ಬಳಸುತ್ತ ಬಂದಿದ್ದಾರೆ. ಹೊಲದಲ್ಲಿ ಯಾವ ಬೆಳೆ ಬಂದೀತು ಎಂಬುದನ್ನು ನೆಲ ಹೇಳುತ್ತದೆ. ಹಾಗೆಯೇ ತೊಟ್ಟಿಯಲ್ಲಿ ಯಾವ ಮೀನು ಬದುಕೀತು ಎಂಬುದನ್ನು ನೀರು ಹೇಳುತ್ತದೆ.

ಇಂತಹ ಊರಿನ ಯುವಕನೊಬ್ಬ ಎರಡು ಸಾವಿರ ರೂಪಾಯಿ ಇಟ್ಟುಕೊಂಡು ಬಣ್ಣದ ಮೀನು ತರಲು ಹುಬ್ಬಳ್ಳಿಗೆ ಹೋದನೆಂದು ಇಟ್ಟುಕೊಳ್ಳೋಣ. ಅಂಗಡಿಯಲ್ಲಿ ಹಳದಿ, ನೀಲಿ, ಕೆಂಪು ಮೀನುಗಳು ಒಂದೇ ತೊಟ್ಟಿಯಲ್ಲಿ ಓಡಾಡುತ್ತಿರುತ್ತವೆ. ಬಣ್ಣಕ್ಕೆ ಮರುಳಾಗಿ ಆತ ಒಂದೊಂದು ಜಾತಿಯ ಎರಡೆರಡು ದೊಡ್ಡ ಮೀನುಗಳನ್ನು ತರುತ್ತಾನೆ. ತಿಂಗಳೊಳಗೆ ಕೆಲವು ಕಾದಾಡಿ ಸಾಯುತ್ತವೆ, ಕೆಲವು ನೀರು ಒಗ್ಗದೆ ಸಾಯುತ್ತವೆ. ಉಳಿದವು ಮರಿ ಹಾಕಿದರೂ ಅವು ಬೆರಕೆಯಾಗಿದ್ದು, ಅವುಗಳಿಗೆ ಬೆಲೆ ಬರುವುದಿಲ್ಲ. ಈ ನಷ್ಟ ತಪ್ಪಬೇಕಾದರೆ ಆಯ್ಕೆಯ ಕ್ರಮವನ್ನು ತಿರುವು ಮಾಡಬೇಕು: ಮೊದಲು ನೀರು, ಆಮೇಲೆ ಜಾತಿ, ಕೊನೆಗೆ ಬಣ್ಣ.

ಸಿಕ್ಲಿಡ್ ಎಂದರೇನು?

ಸಿಕ್ಲಿಡ್ ಎಂಬುದು 1,600ಕ್ಕೂ ಹೆಚ್ಚು ಜಾತಿಗಳಿರುವ ಮೀನಿನ ದೊಡ್ಡ ಕುಟುಂಬ. ಕೆರೆಗಳಲ್ಲಿ ಸಿಗುವ ತಿಲಾಪಿಯಾ ಮೀನೂ ಇದೇ ಕುಟುಂಬಕ್ಕೆ ಸೇರಿದ್ದು. ಮೊಟ್ಟೆ-ಮರಿಗಳನ್ನು ಜೋಪಾನ ಮಾಡುವುದು ಇವುಗಳ ವಿಶೇಷ ಗುಣ. ಜಾಗಕ್ಕಾಗಿ ಜಗಳವಾಡುವುದೂ ಇವುಗಳ ಸ್ವಭಾವ. ಅಲಂಕಾರಕ್ಕೆ ಸಾಕುವ ಬಣ್ಣದ ಜಾತಿಗಳಲ್ಲಿ ಹೆಚ್ಚಿನವು ಆಫ್ರಿಕಾದ ಮಲಾವಿ ಸರೋವರದಿಂದ ಬಂದವು. ಭಾರತದ ಮೂಲ ಸಿಕ್ಲಿಡ್‌ಗಳು ಮೂರೇ: ಕೇರಳದಲ್ಲಿ ಕರಿಮೀನ್ ಎಂದು ಹೆಸರಾದ ಹಸಿರು ಕ್ರೋಮೈಡ್, ಕಿತ್ತಳೆ ಕ್ರೋಮೈಡ್ ಮತ್ತು ದಕ್ಷಿಣ ಕನ್ನಡದ ನದಿಗಳಲ್ಲಿರುವ ಕೆನರಾ ಮುತ್ತುಚುಕ್ಕೆ ಮೀನು. ಇವುಗಳಲ್ಲಿ ಕೊನೆಯದು ಅಳಿವಿನ ಅಪಾಯದಲ್ಲಿದೆ. ನದಿಯಿಂದ ಹಿಡಿದು ತಂದ ಈ ಮೀನನ್ನು ಯಾರಾದರೂ ಮಾರಿದರೆ ಕೊಳ್ಳಬಾರದು.

ಮೊದಲು ನೀರಿನ ಪರೀಕ್ಷೆ

ಗಡಸು ನೀರು ಬೇರೆ, ಸವಳು ನೀರು ಬೇರೆ. ಗಡಸುತನ ಬರುವುದು ಸುಣ್ಣ ಮತ್ತು ಮೆಗ್ನೀಷಿಯಂ ಅಂಶಗಳಿಂದ. ಸವಳು ನೀರಿನಲ್ಲಿ ಸೋಡಿಯಂ ಮುಂತಾದ ಲವಣಗಳು ಹೆಚ್ಚಾಗಿರುತ್ತವೆ. ಆಫ್ರಿಕಾದ ಸಿಕ್ಲಿಡ್‌ಗಳಿಗೆ ಗಡಸು ನೀರು ಒಗ್ಗುತ್ತದೆ ಎಂದು ಕೇಳಿ ಅನೇಕರು ಸವಳು ನೀರನ್ನೇ ತುಂಬುತ್ತಾರೆ. ಮಲಾವಿ ಸರೋವರದ ನೀರಿನ ರಸಸಾರ (ಪಿ.ಎಚ್.) ಸುಮಾರು 7.7ರಿಂದ 8.6 ಇದೆ, ನಿಜ. ಆದರೆ ಅದರ ವಿದ್ಯುತ್ ವಾಹಕತೆ (ಇ.ಸಿ.) ಮೀಟರಿಗೆ ಕಾಲು ಡೆಸಿಸೀಮನ್ಸಿನಷ್ಟು ಮಾತ್ರ. ಅಂದರೆ ಅದು ಸಿಹಿನೀರೇ.

ಆದ್ದರಿಂದ ಕೊಳವೆ ಬಾವಿಯ ನೀರನ್ನು ಸಮೀಪದ ಮಣ್ಣು ಮತ್ತು ನೀರು ಪರೀಕ್ಷಾ ಪ್ರಯೋಗಾಲಯದಲ್ಲಿ ಪರೀಕ್ಷಿಸಿಕೊಳ್ಳಬೇಕು. ಇ.ಸಿ. ಹೆಚ್ಚಿದ್ದರೆ ಮಳೆಯ ನೀರು ಬೆರೆಸಿ ಇಳಿಸಬಹುದು. ಉದಾಹರಣೆಗೆ, ಇ.ಸಿ. 2 ಇರುವ ಒಂದು ಕೊಡ ನೀರಿಗೆ ಮೂರು ಕೊಡ ಮಳೆಯ ನೀರು ಸೇರಿಸಿದರೆ ಇ.ಸಿ. ಸುಮಾರು 0.5ಕ್ಕೆ ಇಳಿಯುತ್ತದೆ. ನಳದ ನೀರಿನಲ್ಲಿ ಕ್ಲೋರಿನ್ ಇದ್ದರೆ ಒಂದೆರಡು ದಿನ ತೆರೆದ ಪಾತ್ರೆಯಲ್ಲಿ ಗಾಳಿಗೆ ಬಿಟ್ಟು ಆಮೇಲೆ ಬಳಸಬೇಕು.

ಯಾವ ಜಾತಿ?

ಕೈಯಲ್ಲಿ ಹಣ ಕಡಿಮೆ ಇರುವವರು ಒಂದು ತೊಟ್ಟಿಗೆ ಒಂದೇ ಜಾತಿ ಎಂಬ ನಿಯಮ ಪಾಲಿಸಬೇಕು.

ಸಿಹಿ ಅಥವಾ ಸಾಧಾರಣ ಗಡಸು ನೀರು ಇರುವಲ್ಲಿ ಮಲಾವಿಯ ಹಳದಿ ಸಿಕ್ಲಿಡ್ ಉತ್ತಮ. ಅಂಗಡಿಗಳಲ್ಲಿ ಇದನ್ನು ಯೆಲ್ಲೋ ಲ್ಯಾಬ್ ಎನ್ನುತ್ತಾರೆ. ಇದು 8ರಿಂದ 10 ಸೆಂ.ಮೀ. ಬೆಳೆಯುತ್ತದೆ. ತನ್ನ ಬಳಗದಲ್ಲಿ ಇದರ ಸ್ವಭಾವ ಸೌಮ್ಯ. ಗಂಡು-ಹೆಣ್ಣು ಎರಡಕ್ಕೂ ಬಣ್ಣವಿರುವುದರಿಂದ ಕೊಟ್ಟ ಹಣ ವ್ಯರ್ಥವಾಗುವುದಿಲ್ಲ. ಹೆಣ್ಣು ಮೊಟ್ಟೆಗಳನ್ನು ಸುಮಾರು ಮೂರು ವಾರ ಬಾಯಿಯಲ್ಲಿಟ್ಟುಕೊಂಡು ಕಾಯುತ್ತದೆ. ಒಂದು ಸಲಕ್ಕೆ ಸಾಮಾನ್ಯವಾಗಿ ಹತ್ತರಿಂದ ಇಪ್ಪತ್ತೈದು ಮರಿಗಳು ಬರುತ್ತವೆ.

ನೀರು ಸವಳಾಗಿದ್ದು ಬೆರೆಸಲು ಸಿಹಿನೀರೂ ಸಾಲದಿದ್ದರೆ ನಮ್ಮ ಕರಾವಳಿಯ ಕಿತ್ತಳೆ ಕ್ರೋಮೈಡ್ ಸೂಕ್ತ. ಇದು ಅಳಿವೆಗಳ ಮೀನು. ಸಿಹಿನೀರು, ಚೌಳು ನೀರು ಎರಡರಲ್ಲಿಯೂ ಬಾಳುತ್ತದೆ. ಗಂಡು-ಹೆಣ್ಣು ಕೂಡಿಯೇ ಮರಿಗಳನ್ನು ಕಾಯುತ್ತವೆ, ಎಳೆಯ ಮರಿಗಳು ತಾಯಿ-ತಂದೆಯ ಮೈಮೇಲಿನ ಲೋಳೆಯನ್ನು ಮೇಯುತ್ತವೆ.

ಪೀಕಾಕ್ ಎಂಬ ಜಾತಿಯನ್ನು ಹೊಸಬರು ದೂರ ಇಡುವುದು ಲೇಸು. ಅದರಲ್ಲಿ ಬಣ್ಣವಿರುವುದು ಬೆಳೆದ ಗಂಡಿಗೆ ಮಾತ್ರ. ಸಣ್ಣ ಮರಿಗಳಿಗೇ ಗಾಢ ಬಣ್ಣವಿದ್ದರೆ ಹಾರ್ಮೋನ್ ತಿನ್ನಿಸಿರಬಹುದು. ಅಂತಹ ಬಣ್ಣ ನಿಲ್ಲುವುದಿಲ್ಲ, ಸಂತಾನಶಕ್ತಿಯೂ ಕುಂದುತ್ತದೆ. ಫ್ಲವರ್‌ಹಾರ್ನ್ ಮತ್ತು ಪ್ಯಾರಟ್ ಮೀನುಗಳು ಮನುಷ್ಯರು ಮಾಡಿದ ಬೆರಕೆಗಳು. ಅವುಗಳ ಗಂಡುಗಳು ಅನೇಕ ವೇಳೆ ಬಂಜೆಯಾಗಿರುತ್ತವೆ.

ಎಷ್ಟು ಮರಿ ತರಬೇಕು?

ಬೆಳೆದ ಜೋಡಿಗೆ ಬೆಲೆ ಹೆಚ್ಚು, ವಯಸ್ಸು ಗೊತ್ತಾಗುವುದಿಲ್ಲ. 3-4 ಸೆಂ.ಮೀ. ಉದ್ದದ ಎಂಟು ಮರಿಗಳನ್ನು ತರುವುದು ಲಾಭಕರ. ಈ ವಯಸ್ಸಿನಲ್ಲಿ ಗಂಡು-ಹೆಣ್ಣು ಗುರುತಿಸುವುದು ಕಷ್ಟವಾದ್ದರಿಂದ ಸಂಖ್ಯೆಯೇ ಭದ್ರತೆ. ಗಂಡು-ಹೆಣ್ಣು ಸಮವಾಗಿ ಹುಟ್ಟುತ್ತವೆಂದು ಲೆಕ್ಕ ಹಾಕಿದರೆ, ಎರಡು ಮರಿ ತಂದಾಗ ಎರಡೂ ಒಂದೇ ಲಿಂಗದವಾಗಿರುವ ಸಂಭವ ನೂರಕ್ಕೆ 50. ನಾಲ್ಕು ತಂದರೆ 12.5, ಆರು ತಂದರೆ ಸುಮಾರು 3, ಎಂಟು ತಂದರೆ ಒಂದಕ್ಕಿಂತ ಕಡಿಮೆ.

ಎಂಟರಲ್ಲಿ ನಾಲ್ಕನ್ನು ಒಬ್ಬರಲ್ಲಿ, ಇನ್ನು ನಾಲ್ಕನ್ನು ಬೇರೊಬ್ಬರಲ್ಲಿ ಕೊಂಡರೆ ಅಣ್ಣ-ತಂಗಿಯರ ಕೂಟ ಕಡಿಮೆಯಾಗಿ ತಳಿ ಬಲವಾಗಿರುತ್ತದೆ. ಹಳದಿ ಸಿಕ್ಲಿಡ್‌ಗಳು ಬೆಳೆದ ಮೇಲೆ ಒಂದೆರಡು ಗಂಡುಗಳನ್ನು ಉಳಿಸಿ ಹೆಚ್ಚಿನವನ್ನು ಮಾರಬಹುದು. ಕಿತ್ತಳೆ ಕ್ರೋಮೈಡ್‌ಗಳು ತಾವೇ ಜೋಡಿಯಾಗುತ್ತವೆ. ಜೋಡಿಯಾದುವನ್ನು ಬೇರೆ ತೊಟ್ಟಿಗೆ ಬಿಡಬೇಕು.

ಕೊಳ್ಳುವಾಗ ಗಮನಿಸಬೇಕಾದ ಅಂಶಗಳು

1. ಹಲವು ಜಾತಿ ಕೂಡಿಸಿದ ತೊಟ್ಟಿಯಿಂದ ಮರಿ ಕೊಳ್ಳಬಾರದು. ಸಾಧ್ಯವಾದರೆ ತಾಯಿ-ತಂದೆ ಮೀನುಗಳನ್ನು ನೋಡಬೇಕು.
2. ಹಳದಿ ಸಿಕ್ಲಿಡ್‌ನ ಮೈ ಅಚ್ಚ ಹಳದಿ ಇರಬೇಕು. ಕಿತ್ತಳೆ ಛಾಯೆ ಕಂಡರೆ ಬೆರಕೆಯ ಸಂದೇಹವಿದೆ.
3. ಮುಂದೆ ನಿಂತು ಆಹಾರ ಹಾಕಿಸಬೇಕು. ಓಡಿ ಬಂದು ತಿನ್ನುವ ಮರಿಗಳನ್ನೇ ಆರಿಸಬೇಕು.
4. ಹೊಟ್ಟೆ ಒಳಸೇರಿದ, ರೆಕ್ಕೆ ಮುದುಡಿದ, ಬಿಳಿ ನೂಲಿನಂತೆ ಹಿಕ್ಕೆ ಹಾಕುವ ಮರಿಗಳು ಬೇಡ. ಅದೇ ತೊಟ್ಟಿಯ ಉಳಿದ ಮರಿಗಳೂ ಬೇಡ.
5. ದೊಡ್ಡ ಮರಿಗಳನ್ನಷ್ಟೇ ಆರಿಸಿದರೆ ಗಂಡುಗಳೇ ಹೆಚ್ಚು ಬರುವ ಸಂಭವವಿದೆ. ಆದ್ದರಿಂದ ನಡುಗಾತ್ರದವೂ ಇರಲಿ.

ತೊಟ್ಟಿಯ ಸಿದ್ಧತೆ

ಮರಿಗಳಿಗೆ ಕೊಡುವ ಹಣ ಉಳಿಸಿ ತೊಟ್ಟಿಗೆ ಮತ್ತು ಸೋಸುಕಕ್ಕೆ ಹಾಕುವುದು ಜಾಣತನ. ನಾಲ್ಕು ಅಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರದ ತೊಟ್ಟಿ ಸುಮಾರು 250 ಲೀಟರ್ ನೀರು ಹಿಡಿಯುತ್ತದೆ. ಎಂಟು ಮರಿಗಳಿಗೆ ಇದು ಸಾಕು. ನೆರಳಿನಲ್ಲಿ ಕಟ್ಟಿದ ಸಿಮೆಂಟ್ ತೊಟ್ಟಿಯೂ ಆದೀತು. ಆದರೆ ಹೊಸ ಸಿಮೆಂಟಿನ ಸುಣ್ಣದ ಅಂಶ ಹೋಗುವವರೆಗೆ ಎರಡು-ಮೂರು ವಾರ ನೀರು ತುಂಬಿ, ಚೆಲ್ಲಿ, ಮತ್ತೆ ತುಂಬಬೇಕು. ನೀರಿನ ಉಷ್ಣತೆ 24ರಿಂದ 28 ಡಿಗ್ರಿ ಸೆಂಟಿಗ್ರೇಡ್ ಇರಬೇಕು.

ಹೊಲಕ್ಕೆ ಹಾಕಿದ ಯೂರಿಯಾ ಮೊದಲು ಅಮೋನಿಯಾ ಆಗಿ, ಸೂಕ್ಷ್ಮಜೀವಿಗಳಿಂದ ನೈಟ್ರೈಟ್ ಮತ್ತು ನೈಟ್ರೇಟ್ ರೂಪಕ್ಕೆ ಬರುವುದನ್ನು ರೈತರು ಬಲ್ಲರು. ಮೀನಿನ ಹಿಕ್ಕೆಯ ಅಮೋನಿಯಾ ಕೂಡ ಸೋಸುಕದಲ್ಲಿ ಇದೇ ದಾರಿಯಲ್ಲಿ ಬದಲಾಗುತ್ತದೆ. ಈ ಜೀವಿಗಳು ನೆಲೆಗೊಳ್ಳಲು ನಾಲ್ಕರಿಂದ ಆರು ವಾರ ಬೇಕು. ನಡೆಯುತ್ತಿರುವ ಹಳೆಯ ತೊಟ್ಟಿಯ ಸ್ಪಂಜು ಸಿಕ್ಕರೆ ಕಾಲ ಕಡಿಮೆಯಾಗುತ್ತದೆ. ಕ್ಷಾರ ನೀರಿನಲ್ಲಿ ಈ ಎಚ್ಚರ ಇನ್ನೂ ಮುಖ್ಯ. ಒಟ್ಟು ಅಮೋನಿಯಾದಲ್ಲಿ ವಿಷರೂಪದ ಪಾಲು ಪಿ.ಎಚ್. 7ರಲ್ಲಿ ನೂರಕ್ಕೆ ಒಂದಕ್ಕಿಂತ ಕಡಿಮೆ, 8ರಲ್ಲಿ ಸುಮಾರು 5, 8.5ರಲ್ಲಿ ಸುಮಾರು 15. ಕಾರಣ ಆಹಾರವನ್ನು ಎರಡು-ಮೂರು ನಿಮಿಷಗಳಲ್ಲಿ ತಿಂದು ಮುಗಿಸುವಷ್ಟೇ ಹಾಕಬೇಕು. ವಾರಕ್ಕೊಮ್ಮೆ ಕಾಲು ಭಾಗ ನೀರು ಬದಲಿಸಬೇಕು.

ತಂದ ಚೀಲವನ್ನು ಕಾಲು ಗಂಟೆ ನೀರಿನ ಮೇಲೆ ತೇಲಿಬಿಟ್ಟು, ತೊಟ್ಟಿಯ ನೀರನ್ನು ಸ್ವಲ್ಪ ಸ್ವಲ್ಪವಾಗಿ ಒಂದು ಗಂಟೆಯವರೆಗೆ ಸೇರಿಸುತ್ತ ಹೋಗಿ ಆಮೇಲೆ ಮರಿಗಳನ್ನು ಬಿಡಬೇಕು. ಎರಡನೆಯ ಕಡೆಯಿಂದ ತಂದ ಮರಿಗಳನ್ನು ಮೂರು ವಾರ ಪ್ರತ್ಯೇಕವಾಗಿಟ್ಟು, ಆರೋಗ್ಯ ನೋಡಿಕೊಂಡು ಕೂಡಿಸಬೇಕು.

ಹಳ್ಳಕ್ಕೆ ಬಿಡಬಾರದು

ಬೇಡವಾದ ಮೀನುಗಳನ್ನು ಬೆಣ್ಣೆಹಳ್ಳಕ್ಕಾಗಲಿ ಕೃಷಿ ಹೊಂಡಕ್ಕಾಗಲಿ ಕಾಲುವೆಗಾಗಲಿ ಎಂದೂ ಬಿಡಬಾರದು. ಬೆಣ್ಣೆಹಳ್ಳದ ನೀರು ಮಲಪ್ರಭೆಯನ್ನು ಸೇರುತ್ತದೆ. 1952ರಲ್ಲಿ ಭಾರತಕ್ಕೆ ತಂದ ಮೊಜಾಂಬಿಕ್ ತಿಲಾಪಿಯಾ ಕೆರೆ-ಜಲಾಶಯಗಳಲ್ಲಿ ಹಬ್ಬಿ ನಾಡಿನ ಮೀನುಗಳಿಗೆ ಪೈಪೋಟಿಯಾಗಿ ನಿಂತಿದೆ. ಒಮ್ಮೆ ಹಬ್ಬಿದ ಮೀನನ್ನು ಕಳೆಯಂತೆ ಕಿತ್ತು ಹಾಕಲು ಬರುವುದಿಲ್ಲ. ಹೆಚ್ಚಾದ ಮರಿಗಳನ್ನು ಅಂಗಡಿಗೆ ಹಿಂದಿರುಗಿಸಬೇಕು ಅಥವಾ ಸಾಕುವ ಬೇರೆಯವರಿಗೆ ಕೊಡಬೇಕು.

ಮರಿಗಳನ್ನು ಮಾರಿ ಆದಾಯ ಪಡೆಯುವ ಉದ್ದೇಶವಿದ್ದವರು ಕೊಳ್ಳುವವರು ಯಾರು, ಯಾವ ಗಾತ್ರಕ್ಕೆ ಯಾವ ಬೆಲೆ ಎಂಬುದನ್ನು ಮೊದಲೇ ಅಂಗಡಿಗಳಲ್ಲಿ ವಿಚಾರಿಸಿಕೊಳ್ಳಬೇಕು. ಪರೀಕ್ಷಿಸಿದ ನೀರು, ಒಂದೇ ಜಾತಿ, ಎರಡು ಕಡೆಯಿಂದ ತಂದ ಎಂಟು ಆರೋಗ್ಯವಂತ ಮರಿಗಳು, ಇಷ್ಟಿದ್ದರೆ ಒಂದು ವರ್ಷದಲ್ಲಿ ತೊಟ್ಟಿ ಬಣ್ಣದಿಂದ ತುಂಬುತ್ತದೆ. ಶುದ್ಧ ಬೀಜದಿಂದಲೇ ಒಳ್ಳೆಯ ಬೆಳೆ ಎಂಬ ಮಾತು ಮೀನಿಗೂ ಸಲ್ಲುತ್ತದೆ.